ರೋಹಿಣಿ ಮಳೆಯಲ್ಲಿ ರೋಹಿಣಿ ಎಲ್ಲಿ?

ಆಕಾಶವನ್ನು ತೋರಿಸಿಕೊಡುವ ಆ್ಯಪ್‌ಗಳು ಈಗ ಮನೆಮನೆಯ ಮೊಬೈಲಿನಲ್ಲಿ ಬಂದು ಕುಳಿತಿವೆ. ಸ್ಟೆಲೇರಿಯಂ, ಸ್ಕೈ ಮ್ಯಾಪ್ ಮೊದಲಾದವುಗಳನ್ನು ತೆರೆದು ಮೊಬೈಲನ್ನು ಬಾನಿನತ್ತ ಎತ್ತಿ ಹಿಡಿದರೆ ಆ ದಿಕ್ಕಿನ ತಾರೆಗಳ ಹೆಸರು ಪರದೆಯ ಮೇಲೆ ಮೂಡುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ನಾವಿರುವ ಸ್ಥಳ ಉಪಗ್ರಹಗಳಿಂದ ತಿಳಿಯುತ್ತದೆ, ಹೊತ್ತು ಗಡಿಯಾರದಿಂದ ತಿಳಿಯುತ್ತದೆ, ಮೊಬೈಲು ಯಾವ ಕಡೆ ಎಷ್ಟು ಓರೆಯಾಗಿದೆ ಎಂಬುದನ್ನು ಒಳಗಿನ ದಿಕ್ಸೂಚಿ ಮುಂತಾದ ಸಾಧನಗಳು ಅಳೆಯುತ್ತವೆ. ಉಳಿದದ್ದೆಲ್ಲ ಗಣಿತ. ಆದುದರಿಂದಲೇ ಮನೆಯೊಳಗೆ ಕುಳಿತು ಸೂರಿನತ್ತ ಹಿಡಿದರೂ ಅದು ನಕ್ಷತ್ರಗಳನ್ನು ತೋರಿಸುತ್ತದೆ. ಕಬ್ಬಿಣದ ಕಪಾಟಿನ ಪಕ್ಕದಲ್ಲಿ ನಿಂತರೆ ದಿಕ್ಕು ತಪ್ಪಿ ತೋರಿಸುವುದೂ ಉಂಟು.

ನಮ್ಮ ಮನೆಯಲ್ಲಿ ಈ ಆ್ಯಪ್ ಬಂದುದು ಮೊಮ್ಮಗನ ಮೂಲಕ. ನಮ್ಮ ತಾಯಿಯವರು ಆಯುಷ್ಯವನ್ನೆಲ್ಲ ಒಕ್ಕಲುತನದಲ್ಲಿ ಸವೆಸಿ, ಮುಪ್ಪಿನಲ್ಲಿ ಪಟ್ಟಣಕ್ಕೆ ಬಂದವರು. ಇಂಗ್ಲಿಷ್ ತಿಂಗಳುಗಳು ಅವರ ಲೆಕ್ಕಕ್ಕಿಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳ ಹೆಸರಿನಲ್ಲಿಯೇ ಅವರ ವರುಷ ಸಾಗುತ್ತದೆ. ರೋಹಿಣಿ ಮಳೆ ಹಿಡಿದರೆ ಓಣಿ ತುಂಬ ಜೋಳ ಎಂಬ ಮಾತನ್ನು ಅವರು ಇಂದಿಗೂ ಆಡುತ್ತಾರೆ. ಒಮ್ಮೆ ಮೊಮ್ಮಗನು, “ಅಜ್ಜಿ, ನಕ್ಷತ್ರಕ್ಕೂ ಮಳೆಗೂ ಏನು ಸಂಬಂಧ? ಅದೆಲ್ಲ ಮೂಢನಂಬಿಕೆ” ಎಂದುಬಿಟ್ಟನು. ತಾಯಿಯವರು ಮರುಮಾತಾಡಲಿಲ್ಲ. ಆದರೆ ಅದಾದ ಮೇಲೆ ಕೆಲವು ದಿನ ಅವರ ಬಾಯಿಂದ ಮಳೆಯ ಹೆಸರೇ ಬರಲಿಲ್ಲ. ಅದು ನಮ್ಮ ಮನಸ್ಸನ್ನು ಚುಚ್ಚಿತು.

ಆ ವರುಷದ ಬಸವ ಜಯಂತಿಯ ಸಂಜೆ ಎಲ್ಲರೂ ಮಾಳಿಗೆ ಹತ್ತಿದೆವು. ಅಕ್ಷಯ ತದಿಗೆಯ ಎಳೆಯ ಚಂದ್ರನು ಸಾಮಾನ್ಯವಾಗಿ ಕೃತ್ತಿಕೆ, ರೋಹಿಣಿಗಳ ಆಸುಪಾಸಿನಲ್ಲಿಯೇ ಇರುತ್ತಾನೆ. ಪಡುವಣದಲ್ಲಿ, ಅವನಿಗೆ ಸಮೀಪದಲ್ಲಿಯೇ, ಕೆಂಪು ಛಾಯೆಯ ತಾರೆಯೊಂದನ್ನು ಆ್ಯಪ್ ‘ಆಲ್ಡೆಬರಾನ್’ ಎಂದು ಗುರುತಿಸಿತು. ಅದೇ ನಮ್ಮ ರೋಹಿಣಿ. ಹಿಂಬಾಲಿಸುವವನು ಎಂಬುದು ಆ ಅರಬ್ಬೀ ಹೆಸರಿನ ಅರ್ಥ. ಕೃತ್ತಿಕೆಯ ಹಿಂದೆಯೇ ಅದು ಬರುವುದರಿಂದ ಆ ಹೆಸರು. ನಮ್ಮ ಇಪ್ಪತ್ತೇಳರ ಪಟ್ಟಿಯಲ್ಲಿಯೂ ಕೃತ್ತಿಕೆಯ ಮುಂದಿನದು ರೋಹಿಣಿಯೇ ಅಲ್ಲವೆ? ಸುಮಾರು 65 ಜ್ಯೋತಿರ್ವರ್ಷಗಳ ದೂರದ ತಾರೆ ಅದು. ತಾಯಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

ತಿಂಗಳು ಕಳೆದು ರೋಹಿಣಿ ಮಳೆ ಹೂಡಿತು. ಆಗ ಅವರೇ ಕೇಳಿದರು: “ಮಳಿ ರೋಹಿಣೀದು, ಮತ್ತ ರೋಹಿಣಿ ಎಲ್ಲಿ ಹೋದ್ಲು? ಸಂಜಿಮುಂದ ಕಾಣವಲ್ಲಳು.”

ಹುಡುಗನು ಹಾಡುಹಗಲಲ್ಲಿ ಮನೆಯೊಳಗೆ ಕುಳಿತೇ ಆ್ಯಪ್ ತೆರೆದನು. ಸ್ಟೆಲೇರಿಯಂನಲ್ಲಿ ವಾತಾವರಣದ ಬೆಳಕನ್ನು ಮರೆಮಾಡುವ ಅನುಕೂಲವಿದೆ. ಹಾಗೆ ಮಾಡಿದೊಡನೆ ಹಗಲಿನ ನೀಲಿ ಅಳಿದು ತಾರೆಗಳು ಮೂಡಿದವು. ಸೂರ್ಯನ ಮಗ್ಗುಲಲ್ಲಿಯೇ, ಐದಾರು ಅಂಶಗಳ ಅಂತರದಲ್ಲಿ, ರೋಹಿಣಿ! (ನಿಜವಾದ ಸೂರ್ಯನನ್ನು ಬರಿಗಣ್ಣಿನಿಂದಾಗಲಿ ದುರ್ಬೀನಿನಿಂದಾಗಲಿ ನೋಡಬಾರದೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡತಕ್ಕದ್ದು.) ಸೂರ್ಯನ ಹಾದಿಯನ್ನು ಇಪ್ಪತ್ತೇಳು ಪಾಲು ಮಾಡಿದರೆ ಒಂದೊಂದು ಪಾಲಿನಲ್ಲಿ ಅವನು ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ 25ರ ಸುಮಾರಿನಿಂದ ಜೂನ್ ಮೊದಲ ವಾರದವರೆಗೆ ರೋಹಿಣಿಯ ಪಾಲು. ಆಗ ಸುರಿಯುವುದೇ ರೋಹಿಣಿ ಮಳೆ. ಮಳೆಯನ್ನು ತರುವುದು ಮಾರುತ ಮತ್ತು ಮೋಡ, ನಕ್ಷತ್ರವಲ್ಲ. ಆ ಮಾತಿನಲ್ಲಿ ಹುಡುಗನು ಹೇಳಿದ್ದು ಸರಿಯೇ. ಆದರೆ ನಕ್ಷತ್ರವು ಕಾಲವನ್ನು ತಿಳಿಸುತ್ತದೆ. ಬಿತ್ತುವವನಿಗೆ ಬೇಕಾದುದೂ ಅದೇ.

ಕಾಣದಿರುವ ತಾರೆಯ ಬಳಿ ಸೂರ್ಯನಿದ್ದಾನೆಂದು ಹಿರಿಯರು ಅರಿತದ್ದಾದರೂ ಹೇಗೆ? ಸಂಜೆ ಮುಳುಗುತ್ತ ಮುಳುಗುತ್ತ ಯಾವ ತಾರೆ ಕಣ್ಮರೆಯಾಯಿತು, ನಸುಕಿನಲ್ಲಿ ಯಾವುದು ಮರಳಿ ಮೂಡಿತು, ಹುಣ್ಣಿಮೆಯ ಚಂದ್ರನು ಸೂರ್ಯನಿಗೆ ಎದುರಾಗಿ ಎಲ್ಲಿ ನಿಂತನು, ಇವನ್ನೆಲ್ಲ ತಲೆಮಾರುಗಳ ಕಾಲ ಬರಿಗಣ್ಣಿನಿಂದ ನೋಡಿದುದರ ಫಲವದು. ಇದನ್ನು ವಿವರಿಸಿದಾಗ ಮೊಮ್ಮಗನು ಮೌನವಾದನು. ಆಮೇಲೆ, “ಆರಿದ್ರಾ ಯಾವಾಗ, ಅಜ್ಜಿ?” ಎಂದು ಕೇಳಿದನು. ಅಂದು ರಾತ್ರಿ ಊಟವಾಗುವವರೆಗೂ ತಾಯಿಯವರ ಮಾತು ನಿಲ್ಲಲಿಲ್ಲ. ಯಾವ ಮಳೆಗೆ ಯಾವ ಬಿತ್ತನೆ, ಯಾವ ವರುಷ ಯಾವ ಮಳೆ ಕೈಕೊಟ್ಟಿತು, ಎಲ್ಲವೂ ಬಂದವು.

ಈ ಆ್ಯಪ್‌ಗಳನ್ನು ಬಳಸುವವರು ರಾತ್ರಿಯ ಕೆಂಪು ಪರದೆಯನ್ನು ಆರಿಸಿಕೊಳ್ಳುವುದು ಒಳಿತು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು; ಬಿಳಿಯ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಚಂದ್ರನ ಕುಳಿಗಳನ್ನು ನೋಡಬಯಸುವವರು ಹುಣ್ಣಿಮೆಗಾಗಿ ಕಾಯಬೇಕಾಗಿಲ್ಲ. ಅಷ್ಟಮಿಯ ಸುಮಾರಿಗೆ ಬೆಳಕು ಓರೆಯಾಗಿ ಬಿದ್ದು ನೆರಳು ಉದ್ದವಾಗುವುದರಿಂದ ಸಣ್ಣ ದುರ್ಬೀನಿನಲ್ಲಿಯೂ ಅವು ಚೆನ್ನಾಗಿ ಕಾಣುತ್ತವೆ.

ಜುಲೈ ನಡುವಿನ ಹೊತ್ತಿಗೆ ರೋಹಿಣಿ ಮೂಡಣದಲ್ಲಿ, ಬೆಳಗಿನ ಜಾವ, ಮರಳಿ ಕಾಣುತ್ತದೆಂದು ಆ್ಯಪ್ ಹೇಳಿತು. ಮೋಡ ಬಿಟ್ಟರೆ ತಮ್ಮನ್ನು ಎಬ್ಬಿಸಬೇಕೆಂದು ತಾಯಿಯವರು ಮೊಮ್ಮಗನಿಗೆ ಹೇಳಿಟ್ಟರು.