ಮುಂಬೈ ತೇಗದ ಸುಹೈಲಿ

ಇಂಗ್ಲೆಂಡಿನ ನಕಾಶೆಯಲ್ಲಿ ನೈಋತ್ಯದ ತುದಿಗೆ ಬೆರಳಿಡಿ, ಫಾಲ್ಮತ್ ಎಂಬ ಬಂದರು ಸಿಗುತ್ತದೆ. ಬಂದರಿನ ಬಾಯಿಯ ಎರಡೂ ಕಡೆ ಎಂಟನೇ ಹೆನ್ರಿ ದೊರೆ ಕಟ್ಟಿಸಿದ ಕೋಟೆಗಳಿವೆ. ಅವುಗಳ ನಡುವಿನಿಂದ 1968ರ ಜೂನ್ 14ರಂದು ಮರದ ಹಾಯಿದೋಣಿಯೊಂದು ಕಡಲಿಗಿಳಿಯಿತು. ಉದ್ದ ಸುಮಾರು 32 ಅಡಿ. ಹೆಸರು ಸುಹೈಲಿ. ಹುಟ್ಟಿದ್ದು ಮಾತ್ರ ನಮ್ಮ ಮುಂಬೈಯಲ್ಲಿ!

ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ತರುಣ ಆಗ ಮುಂಬೈಗೆ ಬಂದು ಹೋಗುವ ಹಡಗುಗಳಲ್ಲಿ ಅಧಿಕಾರಿ. ಕೊಲಾಬಾದಲ್ಲಿ ಆತ ತೇಗದ ದೋಣಿ ಕಟ್ಟಿಸಿದ. ನಮ್ಮ ಬಡಗಿಗಳು ಬಾಚಿ, ಉಳಿಗಳಿಂದಲೇ ಹಲಗೆ ಕೆತ್ತಿ ಕೂಡಿಸಿದರು. 1964ರ ಡಿಸೆಂಬರ್‌ನಲ್ಲಿ ಮೂತಿಗೆ ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. ಪರ್ಷಿಯನ್ ಕೊಲ್ಲಿಯ ಅರಬ್ ನಾವಿಕರು ಆಗ್ನೇಯದ ಗಾಳಿಯನ್ನು ‘ಸುಹೈಲಿ’ ಎನ್ನುತ್ತಾರೆ, ಅದೇ ಹೆಸರಾಯಿತು.

ಪಂದ್ಯ ಏರ್ಪಡಿಸಿದ್ದು ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ. ಒಬ್ಬರೇ, ಎಲ್ಲಿಯೂ ನಿಲ್ಲದೆ, ಯಾರ ನೆರವೂ ಪಡೆಯದೆ ಭೂಮಿಯನ್ನು ಸುತ್ತಿ ಬರಬೇಕು. ಅದುವರೆಗೆ ಯಾರೂ ಮಾಡಿರದ ಕೆಲಸ. ಹೊರಟವರು ಒಂಬತ್ತು ಮಂದಿ. ಸುಹೈಲಿ ಗಟ್ಟಿ ನಿಜ, ಆದರೆ ನಿಧಾನ. ಗೆಲ್ಲುತ್ತದೆಂದು ಎಣಿಸಿದವರು ಕಡಿಮೆ.

ಅಟ್ಲಾಂಟಿಕ್‌ನಲ್ಲಿಯೇ ತಳದ ಹಲಗೆಗಳ ಸಂದಿನಿಂದ ನೀರು ಒಳಬರತೊಡಗಿತು. ಆತ ನಡುಸಮುದ್ರದಲ್ಲಿ ಮುಳುಗಿ, ಉಸಿರು ಬಿಗಿಹಿಡಿದು, ಸಂದಿಗೆ ಹತ್ತಿ ತುರುಕಿ, ಮೇಲೆ ತಾಮ್ರದ ಪಟ್ಟಿ ಹೊಡೆದ. ನಡುವೆ ಒಂದು ಶಾರ್ಕ್ ಮೀನೂ ಸುತ್ತು ಹಾಕಿತು! ಮುಂದೆ ರೇಡಿಯೋ ಕೆಟ್ಟಿತು. ದೋಣಿಯನ್ನು ತಾನಾಗಿ ನಡೆಸುವ ಸಾಧನ ಮುರಿಯಿತು. ನ್ಯೂಜಿಲೆಂಡ್ ದಾಟಿದ ಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಮನೆಯವರ ಪಾಡು ಹೇಗಿತ್ತೋ, ಊಹಿಸಿ.

1969ರ ಏಪ್ರಿಲ್ 22ರಂದು, 312 ದಿನಗಳ ಮೇಲೆ, ಸುಹೈಲಿ ಫಾಲ್ಮತ್‌ಗೆ ಮರಳಿತು. ಸುಂಕದ ಅಧಿಕಾರಿಗಳು ದೋಣಿ ಹತ್ತಿ, ಪದ್ಧತಿಯಂತೆ, ಎಲ್ಲಿಂದ ಬಂದಿರಿ ಎಂದು ಕೇಳಿದರು. ಆತ ಹೇಳಿದ್ದು: “ಫಾಲ್ಮತ್‌ನಿಂದ.”

ಉಳಿದ ಎಂಟು ಮಂದಿಯಲ್ಲಿ ಯಾರೂ ಪಂದ್ಯ ಮುಗಿಸಲಿಲ್ಲ. ಡೊನಾಲ್ಡ್ ಕ್ರೌಹರ್ಸ್ಟ್ ಕಡಲಲ್ಲೇ ಕಣ್ಮರೆಯಾದ. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು. ತನಗೆ ಬಂದ 5,000 ಪೌಂಡ್ ಬಹುಮಾನವನ್ನು ನಾಕ್ಸ್-ಜಾನ್‌ಸ್ಟನ್ ಆ ಸಂಸಾರಕ್ಕೆ ಕೊಟ್ಟುಬಿಟ್ಟ. ಜೀವನವೆಲ್ಲ ಲೆಕ್ಕ ಬರೆದ ನನಗೆ 312 ದಿನಗಳಿಗಿಂತ ಈ ಒಂದು ಜಮೆಯೇ ದೊಡ್ಡದಾಗಿ ಕಾಣುತ್ತದೆ.

ಇಷ್ಟು ಹೆಸರಾದ ದೋಣಿಯನ್ನು 1997ರಲ್ಲಿ ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿಟ್ಟರು. ಅಲ್ಲಿ ಬೇರೆಯೇ ಕಷ್ಟ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಬಿಗಿಯಾಗುತ್ತದಲ್ಲ, ಮರದ ದೋಣಿಯೂ ನೀರಲ್ಲಿದ್ದರೇ ಬಿಗಿ. ಒಣಗಾಳಿಯಲ್ಲಿ ಹಲಗೆಗಳು ಕುಗ್ಗಿ ಸಂದು ಬಿಡತೊಡಗಿದವು. ದಕ್ಷಿಣದ ಮಹಾಸಾಗರ ಒಡೆಯಲಾಗದ್ದನ್ನು ನಾಲ್ಕು ಗೋಡೆ ಒಡೆಯುತ್ತಿತ್ತು! ಒಡೆಯ 2002ರಲ್ಲಿ ಅದನ್ನು ಅಲ್ಲಿಂದ ಬಿಡಿಸಿಕೊಂಡು ಬಂದು, ದುರಸ್ತಿ ಮಾಡಿ ಮತ್ತೆ ನೀರಿಗಿಳಿಸಿದರು.

2018ರ ಜೂನ್ 14ಕ್ಕೆ ಆ ಯಾತ್ರೆಗೆ ಐವತ್ತು ವರ್ಷ. ಅಂದು ಫಾಲ್ಮತ್‌ನಲ್ಲಿ ಸುಹೈಲಿ ಮತ್ತೆ ಹಾಯಿ ಬಿಚ್ಚಿತು. ರಾಬಿನ್ ಅಜ್ಜನಿಗೆ ಆಗ 79 ವರ್ಷ.