ಸಂಜೆ ಐದರ ಮೀನು

ಬೆಂಗಳೂರಿನ ಪಬ್ಬುಗಳಲ್ಲಿ, ಬಾರುಳ್ಳ ಹೋಟೆಲುಗಳಲ್ಲಿ ಇಳಿಹೊತ್ತಾದರೆ ‘ಹ್ಯಾಪಿ ಅವರ್ಸ್’ ಬೋರ್ಡು ಹೊರಗೆ ಬರುತ್ತದೆ. ರಾತ್ರಿ ಊಟದ ಗಿರಾಕಿಗಳು ಬರುವ ಮುಂಚಿನ ಎರಡು ಮೂರು ಗಂಟೆ ಖಾಲಿ ಕುರ್ಚಿಗಳನ್ನು ತುಂಬಿಸಲು ಒಂದು ಗ್ಲಾಸಿಗೆ ಇನ್ನೊಂದು ಪುಕ್ಕಟೆ. ಪಕ್ಕದ ತಟ್ಟೆಯಲ್ಲಿ ಬರುವ ಮೀನಿಗೆ ಮಾತ್ರ ಸಾಮಾನ್ಯವಾಗಿ ಪೂರ್ತಿ ಬೆಲೆ. ಈ ಲೆಕ್ಕ ತಲೆಕೆಳಗಾಗಿದೆ. ಬಾಟಲಿಯಲ್ಲಿರುವ ಮದ್ಯ ನಾಳೆಗೂ ಇರುತ್ತದೆ, ಮುಂದಿನ ವರ್ಷಕ್ಕೂ ಇರುತ್ತದೆ. ಕಾಯಲಾರದ್ದು ಮೀನು. ಗಂಟೆ ಕಳೆದಂತೆ ರುಚಿಯನ್ನೂ ಬೆಲೆಯನ್ನೂ ಕಳೆದುಕೊಳ್ಳುವ ಪದಾರ್ಥಕ್ಕೇ ಹೊತ್ತು ನೋಡಿ ಬೆಲೆ ಇಳಿಸುವುದು ನ್ಯಾಯ. ಕನಕಪುರದಂಥ ಊರಿನಲ್ಲಿ ಮೀನಿನ ಹೋಟೆಲು ನಡೆಸುವವರು ಸಂಜೆಯ ರಿಯಾಯಿತಿಯನ್ನು ಗ್ಲಾಸಿಗಲ್ಲ, ತಟ್ಟೆಗೆ ಕೊಡಬೇಕು. ಅದರಲ್ಲೂ ಕೆರೆ ಮೀನಿನ ತಟ್ಟೆಗೆ.

ಕೆರೆ ಮೀನು ಅನ್ನುವುದಕ್ಕೆ ಕಾರಣವಿದೆ. ಕನಕಪುರಕ್ಕೆ ಕಡಲು ದೂರ. ಮಲ್ಪೆಯದ್ದಾಗಲಿ ಮಂಗಳೂರಿನದ್ದಾಗಲಿ, ಬಂಗುಡೆಯೂ ಅಂಜಲ್ಲೂ ಘಟ್ಟ ಹತ್ತಿ, ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವ ಹಾಗೇ ಇಲ್ಲ. ಆ 61 ದಿನ ಸಿಗುವುದು ಕಡಿಮೆ, ಬೆಲೆ ಹೆಚ್ಚು. ಇದಕ್ಕಿಂತ ದೊಡ್ಡ ವಿಷಯ ಆರೋಗ್ಯದ್ದು. ಬಂಗುಡೆ, ಬೂತಾಯಿಯಂಥ ಮೀನುಗಳನ್ನು ದಾರಿಯಲ್ಲಿ ಸರಿಯಾಗಿ ತಣ್ಣಗಿಡದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟಿಕೊಳ್ಳುತ್ತದೆ. ಒಮ್ಮೆ ಹುಟ್ಟಿತೆಂದರೆ ಎಷ್ಟು ಕುದಿಸಿದರೂ, ಎಷ್ಟು ಕೆಂಪಗೆ ಹುರಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು ಬರುತ್ತದೆ. ಕಡಲ ಮೀನು ತಿನ್ನಬಾರದೆಂದು ಇದರರ್ಥವಲ್ಲ. ಆದರೆ ಅಗ್ಗ ಮಾಡಲೇಬೇಕೆಂದು ಹೊರಟಾಗ ಮೊದಲು ಕೈಬಿಡುವುದು ಮಂಜುಗಡ್ಡೆಯ ಖರ್ಚನ್ನೇ. ಹಾಗಾಗಿ ರಿಯಾಯಿತಿ ಬೆಲೆಗೆ ಕಡಲ ಮೀನು ತಕ್ಕದ್ದಲ್ಲ. ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಇವೆಲ್ಲ ನಮ್ಮ ಬಯಲುಸೀಮೆಯ ಕೆರೆಗಳಲ್ಲೇ ಬೆಳೆಯುತ್ತವೆ. ಬೆಳಿಗ್ಗೆ ಬಲೆಗೆ ಬಿದ್ದದ್ದು ಅದೇ ಸಂಜೆ ಬಾಣಲೆಗೆ ಬೀಳಬಹುದು. ಮುದ್ದೆಗೆ ಹುಳಿಮುಂದಾಗಿ ಮೀನು ಸಾರು ಮಾಡುವ ಮನೆಗಳಿಗೆ ಈ ಮೀನುಗಳು ಹೊಸವೂ ಅಲ್ಲ.

ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮಕ್ಕೆ ಹೋದವರು ಮೀನು ಹುರಿಯುವುದನ್ನು ಹತ್ತಿರದಿಂದ ನೋಡಿರುತ್ತಾರೆ. ಮೈಗೆ ಅಡ್ಡಡ್ಡ ಗೀರು ಹಾಕಿ, ಖಾರದಪುಡಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಆ ಗೀರುಗಳಿಗೆ ಇಳಿಯುವಂತೆ ಸವರಿದ ಇಡೀ ಮೀನು ಸಾಲಾಗಿ ಮಲಗಿರುತ್ತದೆ. ಗಿರಾಕಿ ಬೆರಳು ತೋರಿಸಿ ಆರಿಸಿದ ಮೇಲೆಯೇ ಅದು ಎಣ್ಣೆಗೆ ಹೋಗುವುದು. ಮೊದಲು ಬಾಲದ ಅಂಚು ಗರಿಗರಿಯಾಗಿ ಮೇಲಕ್ಕೆ ಮುದುರುತ್ತದೆ, ಆಮೇಲೆ ಮಸಾಲೆ ಕಪ್ಪಿಗೆ ತಿರುಗುತ್ತದೆ, ಮಗುಚಿದ ಮೇಲೆ ಬೆನ್ನಿನ ದಪ್ಪ ಭಾಗ ಬೇಯಲು ಇನ್ನೂ ಸ್ವಲ್ಪ ಹೊತ್ತು. ಕಾಗದದ ತಟ್ಟೆ, ಹೆಚ್ಚಿದ ಈರುಳ್ಳಿ, ಒಂದು ಹೋಳು ನಿಂಬೆ. ಈ ಅಡುಗೆಗೆ ದೊಡ್ಡ ಬಂಡವಾಳ ಬೇಡ. ಹಾಗೆಂದು ಸಂಗಮದಲ್ಲಿ ಹುರಿಯುವುದೆಲ್ಲ ಹೊಳೆ ಮೀನೇ ಆಗಲಿ ಎಂದು ಯಾರೂ ಹಟ ಹಿಡಿಯಬಾರದು. ಅದು ಕಾವೇರಿ ವನ್ಯಜೀವಿಧಾಮದ ಸೀಮೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನಂಚಿನ ಮೀನುಗಳ ಪಟ್ಟಿಗೆ ಸೇರಿದೆ. ಹೊಳೆಯನ್ನು ಅದರ ಪಾಡಿಗೆ ಬಿಟ್ಟು, ಮರಿ ಬಿಟ್ಟು ಬೆಳೆಸಿದ ಕೆರೆ ಮೀನು ತಿನ್ನುವುದೇ ಸರಿ.

ಇನ್ನು ಹೋಟೆಲಿನ ಲೆಕ್ಕಕ್ಕೆ ಬರೋಣ. ಅಂಗಡಿ ಬಾಡಿಗೆ, ಭಟ್ಟರ ಸಂಬಳ, ಕರೆಂಟು ಬಿಲ್ಲು ಮಧ್ಯಾಹ್ನ ಮೂರಕ್ಕೂ ಒಂದೇ, ರಾತ್ರಿ ಒಂಬತ್ತಕ್ಕೂ ಒಂದೇ. ಸಂಜೆ ನಾಲ್ಕರಿಂದ ಏಳರವರೆಗೆ ಒಲೆ ಸುಮ್ಮನಿದ್ದರೆ ಆ ಖರ್ಚಿನ ಭಾರವೆಲ್ಲ ರಾತ್ರಿಯ ತಟ್ಟೆಯ ಮೇಲೆ ಬೀಳುತ್ತದೆ. ಆ ಹೊತ್ತಿನಲ್ಲಿ ತಟ್ಟೆಗೆ ಸಿಗುವ ಲಾಭ ಕಡಿಮೆಯಾದರೂ ಅದು ನಷ್ಟವಲ್ಲ, ರಾತ್ರಿಗೆ ಉಳಿದುಹೋಗುವ ಮೀನಂತೂ ಇರುವುದಿಲ್ಲ. ಗಿರಾಕಿಗಳಿಗೆ ಬರವೇ? ಕನಕಪುರ ರೇಷ್ಮೆಯ ಸೀಮೆ, ಕಲ್ಲಿನ ಸೀಮೆ. ನೂಲು ತೆಗೆಯುವವರು, ಕ್ವಾರಿಯಲ್ಲಿ ದುಡಿಯುವವರು, ಸಂತೆ ಮುಗಿಸಿದ ರೈತರು, ಹಳ್ಳಿಯ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಹಸಿದಿರುವುದು ಸಂಜೆ ಐದಕ್ಕೆ. ರಾತ್ರಿ ಒಂಬತ್ತಕ್ಕೆ ಕುಳಿತು ತಿನ್ನುವವರು ಬೇರೆ, ಅವರ ಜೇಬೂ ಬೇರೆ.

ಅಗ್ಗದ ಮೀನೆಂದರೆ ಹಳಸಿದ ಮೀನು, ರಾತ್ರಿಗೆ ಹೋಗದ್ದನ್ನು ಹೀಗೆ ಸಾಗಹಾಕುತ್ತಾರೆ ಎಂಬ ಅನುಮಾನ ಬರುವುದು ಸಹಜ. ಅನುಮಾನ ತಪ್ಪಲ್ಲ, ಅದಕ್ಕೆ ಮದ್ದೂ ಇದೆ. ಮಸಾಲೆ ಸವರುವ ಮುಂಚೆಯೇ ಮೀನನ್ನು ಗಿರಾಕಿಗೆ ತೋರಿಸಬೇಕು. ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳುತ್ತದೆಯೇ ಎಂದು ಯಾರು ಬೇಕಾದರೂ ನೋಡಬಹುದು. ರಿಯಾಯಿತಿ ಬರಬೇಕಾದದ್ದು ಹೊತ್ತಿನ ಮೇಲೆ, ಮೀನಿನ ವಯಸ್ಸಿನ ಮೇಲಲ್ಲ. ಕುಡಿತಕ್ಕೆ ದಾರಿಯಾಗುತ್ತದೆ ಎಂಬುದು ಇನ್ನೊಂದು ಮಾತು, ಮತ್ತು ಇದೇ ಹೆಚ್ಚು ತೂಕದ್ದು. ಹುರಿದ ಮೀನು ಎಂದರೆ ಬಾರಿನ ನೆಂಚಿಕೆ ಎಂದು ನಾವೇ ಮಾಡಿಟ್ಟುಕೊಂಡಿದ್ದೇವೆ. ಅದರಿಂದಾಗಿ ಹೆಂಗಸರು ಮಕ್ಕಳಿಗೆ ಆ ಮೇಜು ದೂರವಾಯಿತು. ಮದ್ಯವಿಲ್ಲದ ಮೀನಿನ ಹೋಟೆಲು ನಡೆಯುವುದಿಲ್ಲ ಎನ್ನುವವರು ಬೆಂಗಳೂರಿನ ಮತ್ಸ್ಯದರ್ಶಿನಿಯನ್ನು ನೋಡಬಹುದು. ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮ ಜನಸಾಮಾನ್ಯರಿಗೆಂದೇ ತೆರೆದ ಮೀನೂಟದ ಜಾಗ ಅದು, ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ಕೆರೆ ಮೀನಿಗೆ ಮುಳ್ಳು ಜಾಸ್ತಿ, ಕೆಸರಿನ ವಾಸನೆ ಅನ್ನುವವರಿಗೆ ಒಂದೇ ಉತ್ತರ: ಮೀನನ್ನು ಉಪ್ಪು, ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆಯಲಿ, ಮಕ್ಕಳಿಗೆ ದೊಡ್ಡ ಕಾಟ್ಲಾದ ಹೊಟ್ಟೆಯ ತುಂಡು ಕೊಡಲಿ.

ಕನಕಪುರದಲ್ಲಿ ಮೀನಿನ ಹೋಟೆಲು ನಡೆಸುವವರನ್ನು ಕೇಳಿಕೊಳ್ಳುವುದು ಇಷ್ಟೇ. ವಾರಕ್ಕೆ ಎರಡು ದಿನ, ಸಂಜೆ ನಾಲ್ಕರಿಂದ ಏಳು, ಮುದ್ದೆ, ಮೀನು ಸಾರು, ಒಂದು ತುಂಡು ಫ್ರೈ, ಕೂಲಿಯವರಿಗೆ ಎಟುಕುವ ಬೆಲೆ. ಬೋರ್ಡಿನ ಮೇಲೆ ಆ ದಿನದ ಮೀನಿನ ಹೆಸರು, ಅದು ಬಂದ ಕೆರೆಯ ಹೆಸರು ಬರೆದುಬಿಡಿ.