ತಂದೆಗೆ ಬಹುವಚನ

ಇಂಗ್ಲಿಷಿನಲ್ಲಿ ಕರ್ತೃಪದಕ್ಕೆ ಕ್ರಿಯಾಪದವು ಹೊಂದಿಕೊಳ್ಳಬೇಕೆಂಬ ನಿಯಮವು ವ್ಯಾಕರಣ ಪುಸ್ತಕದಲ್ಲಿ ಹೆಚ್ಚು ಸ್ಥಳವನ್ನು ಬೇಡುವುದಿಲ್ಲ. ವರ್ತಮಾನಕಾಲದಲ್ಲಿ ಪ್ರಥಮಪುರುಷ ಏಕವಚನ ಬಂದಾಗ ಕ್ರಿಯಾಪದಕ್ಕೆ ಒಂದು ‘ಎಸ್’ ಹತ್ತಿಸಬೇಕು; ಒಬ್ಬರಿದ್ದರೆ ‘ಈಸ್’, ಹಲವರಿದ್ದರೆ ‘ಆರ್’ ಎನ್ನಬೇಕು. ಇಷ್ಟು ಅಲ್ಪವಾದ ನಿಯಮದಲ್ಲಿ ಬುದ್ಧಿವಂತ ಹುಡುಗರೂ ಎಡವುವುದೇಕೆ?

ಕನ್ನಡದ ಹುಡುಗನಿಗೆ ಈ ಹೊಂದಿಕೆಯು ಹೊಸದಲ್ಲ. ಅವನು ಬಂದನು, ಅವಳು ಬಂದಳು, ಅದು ಬಂದಿತು, ಅವು ಬಂದವು ಎಂದು ಲಿಂಗವಚನಗಳೆರಡನ್ನೂ ಕ್ರಿಯಾಪದದ ತುದಿಗೆ ಕಟ್ಟುವುದನ್ನು ಅವನು ತೊದಲು ನುಡಿಯೊಡನೆಯೇ ಕಲಿತಿರುತ್ತಾನೆ. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಇಂಗ್ಲಿಷಿನ ‘ಕೇಮ್’ ಆದರೋ ಈ ಎಲ್ಲರಿಗೂ ಒಂದೇ. ಆದುದರಿಂದ ತೊಡಕು ಬೇರೆಲ್ಲೋ ಇರಬೇಕು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ರೈತರೊಬ್ಬರ ಮಗನು ಕಲಬುರಗಿಯ ಕಾಲೇಜಿಗೆ ಸೇರಿದ ಹೊಸತರಲ್ಲಿ, ‘ಮೈ ಫಾದರ್ ಆರ್ ಎ ಫಾರ್ಮರ್’ ಎಂದು ಬರೆದನು. ಕೆಂಪು ಮಸಿಯು ‘ಆರ್’ ಪದವನ್ನು ಸುತ್ತುವರಿಯಿತು, ತರಗತಿಯು ನಕ್ಕಿತು. ತನಗೆ ತಂದೆ ಒಬ್ಬರೇ ಎಂಬುದು ಅವನಿಗೆ ತಿಳಿಯದೆ? ಮನೆಯಲ್ಲಿ ಅವನು ‘ಅಪ್ಪನವರು ಬಂದರು’ ಎಂದೇ ಹೇಳಿ ಬೆಳೆದವನು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಲಬುರಗಿಯ ಪೇಟೆಯಲ್ಲಿ ಇಂದಿಗೂ ಕಿವಿಗೆ ಬೀಳುವ ಉರ್ದುವೂ ಹಿರಿಯರಿಗೆ ‘ಹೈ’ ಎನ್ನದೆ ‘ಹೈಂ’ ಎನ್ನುತ್ತದೆ. ಎರಡು ಭಾಷೆಗಳೂ ಕಲಿಸಿದ ಮರ್ಯಾದೆಯನ್ನು ಅವನು ಮೂರನೆಯದಕ್ಕೂ ಒಯ್ದನು. ‘ಈಸ್’ ಎಂದು ಬರೆದರೆ ತಂದೆಯನ್ನು ‘ಬಂದನು’ ಎಂದಂತಾದೀತೆಂದು ಅವನ ಕೈ ಅಳುಕಿತ್ತು.

ಇಂಗ್ಲಿಷು ಕೂಡ ಒಂದು ಕಾಲಕ್ಕೆ ಈ ಹಾದಿಯಲ್ಲಿಯೇ ನಡೆದಿತ್ತು. ‘ನೀನು’ ಎನ್ನಲು ಅದರಲ್ಲಿ ‘ದೌ’ ಇತ್ತು. ‘ಯೂ’ ಬಹುವಚನಕ್ಕೆ ಸೇರಿತ್ತು. ಗೌರವಕ್ಕಾಗಿ ಒಬ್ಬರನ್ನೂ ‘ಯೂ’ ಎನ್ನುವ ರೂಢಿ ಬೆಳೆದು, ‘ದೌ’ ನಿತ್ಯದ ಮಾತಿನಿಂದ ಹೆಚ್ಚುಕಡಿಮೆ ಮರೆಯಾಯಿತು. ಎದುರಿಗೆ ಒಬ್ಬನೇ ನಿಂತಿದ್ದರೂ ಇಂದು ‘ಯೂ ಆರ್’ ಎನ್ನುವುದು ಆ ಹಳೆಯ ಬಹುವಚನದ ಕುರುಹು. ಎದುರಿಗಿದ್ದವರಿಗೆ ಸಂದ ಈ ಮನ್ನಣೆಯು, ಮನೆಯಲ್ಲಿ ಉಳಿದ ತಂದೆಯವರೆಗೆ ಬರಲಿಲ್ಲ.

ಅಧ್ಯಾಪಕರು ತಪ್ಪನ್ನು ತಿದ್ದಲೇಬೇಕು. ಪರೀಕ್ಷೆಯ ಅಂಕಗಳೂ ನಾಳಿನ ಉದ್ಯೋಗದ ಅರ್ಜಿಯೂ ಅದನ್ನು ಬೇಡುತ್ತವೆ. ಆದರೆ ಸುತ್ತು ಹಾಕುವ ಮುನ್ನ, ಇಂಗ್ಲಿಷಿನ ಕ್ರಿಯಾಪದವು ಇಲ್ಲಿ ಎಣಿಕೆಯನ್ನು ಮಾತ್ರ ನೋಡುತ್ತದೆ, ಹಿರಿತನವನ್ನು ನೋಡುವುದಿಲ್ಲ. ರಾಜನಿಗೂ ‘ಈಸ್’, ರಾಜನ ಕುದುರೆಗೂ ‘ಈಸ್’ ಎಂದು ಒಂದು ಮಾತು ಹೇಳಿದರೆ ಸಾಕು. ಹುಡುಗನಿಗೆ ನಿಯಮವು ತಿಳಿಯುತ್ತದೆ; ತಂದೆಗೆ ಅಗೌರವವಾಯಿತೆಂಬ ಅಳುಕೂ ಹೋಗುತ್ತದೆ.